ಒರಳು ಒಂದೇ, ಅಚ್ಚು ಬೇರೆ

ನಮ್ಮ ಹಳ್ಳಿ ಮನೆಗಳ ಚಕ್ಕುಲಿ ಒರಳು ನೆನಪಿದೆಯಾ? ಒರಳು ಒಂದೇ. ಒಳಗಿನ ಬಿಲ್ಲೆ ಬದಲಿಸಿದ್ರೆ ಶ್ಯಾವಿಗೆ, ಇನ್ನೊಂದು ಹಾಕಿದ್ರೆ ಚಕ್ಕುಲಿ. ಅಮೆರಿಕದಲ್ಲಿ ರೈಫಲ್ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ಹವ್ಯಾಸಿಗಳ ಪ್ರೆಸ್ ಕೂಡ ಹೀಗೇ. ಅದಕ್ಕೆ ಹಾಕೋ ಅಚ್ಚಿಗೆ 'ಡೈ' ಅಂತಾರೆ. ಯಾವ ಡೈ ತಗೋಬೇಕು ಅನ್ನೋದು ಅವರ ಮುಗಿಯದ ಚರ್ಚೆ.

ಇದು ಹುಟ್ಟಿದ್ದು ಉಳಿತಾಯದಿಂದ. ಗುಂಡು ಹಾರಿದ ಮೇಲೂ ತೋಟಾದ ಹಿತ್ತಾಳೆ ಕೇಸು ಉಳಿಯುತ್ತೆ. ಆದರೆ ಒತ್ತಡಕ್ಕೆ ಉಬ್ಬಿ, ಆ ಬಂದೂಕಿನ ಚೇಂಬರಿನ ಆಕಾರಕ್ಕೇ ಬಂದಿರುತ್ತೆ. ಮತ್ತೆ ತುಂಬಬೇಕಾದರೆ ಅದನ್ನು ಅಳತೆಗೆ ತರಬೇಕು. 1884ರಲ್ಲಿ ಜಾನ್ ಬಾರ್ಲೋ ಶುರು ಮಾಡಿದ ಐಡಿಯಲ್ ಕಂಪನಿ, ತೋಟಾ ತುಂಬೋಕೆ ನಮ್ಮ ಅಡಕತ್ತರಿಯಂಥ ಕೈ ಉಪಕರಣವನ್ನೇ ಮಾರುತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಗಳೆಲ್ಲ ಸೈನ್ಯದ ಕೆಲಸಕ್ಕೆ ತಿರುಗಿದವು. ಬೇಟೆಗಾರರಿಗೆ ಗುಂಡೇ ಸಿಗದಂತಾಯ್ತು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನ ಫ್ರೆಡ್ ಹಂಟಿಂಗ್ಟನ್, ಅಪ್ಪನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಂದು ಡೈ ಮಾಡಿದ. ಬಳಸಿ ಬಿಸಾಕಿದ .22 ತೋಟಾದ ಖಾಲಿ ಕೇಸನ್ನೇ ಗುಂಡಿನ ಹೊರಕವಚ ಮಾಡೋ ಡೈ ಅದು. ಅದೇ ಮುಂದೆ ಆರ್‌ಸಿಬಿಎಸ್ ಕಂಪನಿಯಾಯ್ತು. ಈಗ ಪ್ರೆಸ್ಸಿಗೆ ಹಾಕೋ ಡೈಗಳ ಥ್ರೆಡ್ ಸಾಮಾನ್ಯವಾಗಿ 7/8 ಇಂಚು, ಇಂಚಿಗೆ 14 ಸುತ್ತು. ಒಬ್ಬರ ಡೈ ಇನ್ನೊಬ್ಬರ ಪ್ರೆಸ್ಸಿಗೆ ಕೂರುತ್ತೆ. ಯುಎಸ್‌ಬಿ ಬರೋಕೆ ಎಷ್ಟೋ ಮುಂಚಿನ ಮಾತು ನೋಡಿ ಇದು. ಆಯ್ಕೆ ಅನ್ನೋದು ಸಾಧ್ಯವಾಗಿದ್ದೇ ಇದರಿಂದ.

ಇನ್ನು ಆಯ್ಕೆಗೆ ಬರೋಣ. ಫುಲ್ ಲೆಂಗ್ತ್ ಡೈ ಇಡೀ ಕೇಸನ್ನು ಒತ್ತಿ ಮೂಲ ಅಳತೆಗೆ ತರುತ್ತೆ. ಅದೇ ಅಳತೆಯ ತೋಟಾ ಬಳಸೋ ಯಾವ ರೈಫಲ್‌ಗಾದರೂ ಹೊಂದುತ್ತೆ. ಆದರೆ ಪ್ರತಿಸಲ ಹಿಗ್ಗಿ ಕುಗ್ಗಿ ಹಿತ್ತಾಳೆ ದಣಿಯುತ್ತೆ. ಅತಿಯಾಗಿ ಹಿಂದಕ್ಕೆ ಒತ್ತಿದರೆ ಕೇಸು ಬುಡದ ಹತ್ತಿರ ತೆಳುವಾಗುತ್ತಾ ಹೋಗಿ, ಒಂದು ದಿನ ಹಾರಿಸುವಾಗಲೇ ಎರಡಾಗಬಹುದು. ಬಿಸಿ ಗಾಳಿ ನುಗ್ಗೋದು ಹಾರಿಸುವವನ ಮುಖದ ಹತ್ತಿರ. ತಮಾಷೆಯ ವಿಷಯ ಅಲ್ಲ.

ನೆಕ್ ಡೈ ಕುತ್ತಿಗೆಯನ್ನು ಮಾತ್ರ ಒತ್ತುತ್ತೆ. ಮೈ ಹಾಗೇ ಇರುತ್ತೆ, ಹಿತ್ತಾಳೆಗೆ ಶ್ರಮ ಕಡಿಮೆ. ಆದರೆ ಆ ತೋಟಾ ಹೊಂದುವ ಭರವಸೆ ಇರೋದು ಅದು ಮೊದಲು ಹಾರಿದ ರೈಫಲ್‌ಗೆ ಮಾತ್ರ. ನಮ್ಮ ಭಾಷೆಯಲ್ಲಿ ಹೇಳೋದಾದರೆ, "ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತಲ್ಲ ಸಾರ್!" ಕೆಲವು ಸಲ ಹಾರಿಸಿದ ಮೇಲೆ ಬೋಲ್ಟ್ ಬಿಗಿಯಾಗುತ್ತೆ, ಆಗ ಫುಲ್ ಲೆಂಗ್ತ್ ಡೈಗೇ ಹೋಗಬೇಕು. 1958ರಲ್ಲಿ ರಿಚರ್ಡ್ ಲೀ ಶುರು ಮಾಡಿದ ಅಗ್ಗದ ಲೀ ಲೋಡರ್‌ನ ರೈಫಲ್ ಮಾದರಿ ಕೂಡ ಕುತ್ತಿಗೆಯನ್ನಷ್ಟೇ ಒತ್ತುತ್ತಿತ್ತು. ಅದಕ್ಕೆ ಪ್ರೆಸ್ಸೇ ಬೇಡ, ಒಂದು ಸುತ್ತಿಗೆ ಸಾಕು.

ಹಾಗಾದರೆ ಯಾವುದು ಸರಿ? ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ, ಎರಡು ಮೂರು ಬಂದೂಕು ಇರೋವರಿಗೆ ಫುಲ್ ಲೆಂಗ್ತ್. ಒಂದೇ ಬೋಲ್ಟ್ ರೈಫಲ್ ಹಿಡಿದು ಗುರಿ ಅಭ್ಯಾಸ ಮಾಡೋವರಿಗೆ ನೆಕ್ ಡೈ ಕೂಡ ಆದೀತು. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವ ಹಾಗಿಲ್ಲ, ಹಾಗಾಗಿ ನಮಗೆ ಇದು ಬರೀ ಓದು. ಆದರೂ ಈ ಕಥೆ ಹೇಳೋ ಪಾಠ ನಮ್ಮ ಕೆಲಸಕ್ಕೂ ಸಲ್ಲುತ್ತೆ. ಎಲ್ಲರಿಗೂ ಹೊಂದಬೇಕಾ, ಒಬ್ಬರಿಗೆ ಚೆನ್ನಾಗಿ ಹೊಂದಿದರೆ ಸಾಕಾ ಅನ್ನೋದನ್ನು ಮೊದಲು ತೀರ್ಮಾನಿಸಿ. ಅಚ್ಚು ಆಮೇಲೆ ಕೊಳ್ಳಿ.