ಸುದ್ದಿಯ ಕೆಳಗೆ ಯಾರ ಹೆಸರಿದೆ?

ಮಂಡ್ಯದವರಿಗೆ ಜುಲೈ 1 ಎರಡು ಕಾರಣಕ್ಕೆ ನೆನಪಿಡುವ ದಿನ. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ನಮ್ಮ ಜಿಲ್ಲೆ ಹುಟ್ಟಿತು. ಅದಕ್ಕೂ 96 ವರ್ಷ ಮೊದಲು, 1843ರ ಅದೇ ದಿನ, ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅದಕ್ಕೇ ಅಂದು ಪತ್ರಿಕಾ ದಿನ. ನಮ್ಮಂಥ ತಾಲ್ಲೂಕು ವರದಿಗಾರರಿಗೆ ಆ ದಿನ ಶಾಲು, ಹಾರ, ಭಾಷಣ ಎಲ್ಲ ಸಿಗುತ್ತದೆ. ಭಾಷಣದಲ್ಲಿ ಒಂದು ಮಾತು ಮಾತ್ರ ತಪ್ಪುವುದಿಲ್ಲ: ‘ಮೊಬೈಲ್ ಬಂದು ಸುದ್ದಿ ಕೆಟ್ಟುಹೋಯ್ತು.’ ನಮಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ.

ಹಿಂದಿನದನ್ನು ಸ್ವಲ್ಪ ನೋಡೋಣ. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ತಂದಿತು. ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ವಿರೋಧಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ ರೈತರು ಸರ್ಕಾರದ ವಿರುದ್ಧ ಎದ್ದರು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾದ ಮದ್ದೂರಿನ ಎಚ್.ಕೆ. ವೀರಣ್ಣಗೌಡರು ‘ಚಿತ್ರಗುಪ್ತ’ ಪತ್ರಿಕೆಯ ಸಂಪಾದಕರೂ ಹೌದು. ಬರೆದವರು ಯಾರು ಅನ್ನುವುದು ಊರಿಗೂ ಗೊತ್ತು, ಪೊಲೀಸರಿಗೂ ಗೊತ್ತು.

ಇವತ್ತಿಗೂ ಯಾವುದೇ ಪತ್ರಿಕೆ ತೆಗೆದು ನೋಡಿ. ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದೆ. ಇದು ಬ್ರಿಟಿಷರ 1867ರ ಕಾಯ್ದೆಯಿಂದ ಬಂದ ಪದ್ಧತಿ. ಆ ಸಾಲನ್ನು ಯಾರೂ ಓದುವುದಿಲ್ಲ. ಆದರೆ ಸುದ್ದಿ ಸುಳ್ಳಾದರೆ ಹೋಗಿ ಕೇಳೋದಕ್ಕೆ ಇರುವ ವಿಳಾಸ ಅದೊಂದೇ.

ಇಂಟರ್ನೆಟ್ ಬಂದ ಕೂಡಲೇ ಈ ಹೆಸರು ಅಳಿಸಿಹೋಗಲಿಲ್ಲ. ಯು.ಬಿ. ಪವನಜ ಅವರು 1996ರಲ್ಲೇ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಶುರುಮಾಡಿದರು. 2005ರಲ್ಲಿ ‘ಸಂಪದ’ ಬಂತು, ಆಮೇಲೆ ಬ್ಲಾಗುಗಳ ಸುಗ್ಗಿ. ನಾವು ಡಿಪ್ಲೊಮಾ ಓದುವಾಗ ಮಂಡ್ಯದ ಸೈಬರ್ ಸೆಂಟರಿನಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ನುಡಿಯಲ್ಲಿ ಟೈಪ್ ಮಾಡುತ್ತಿದ್ದೆವು. ಅದನ್ನು ಯೂನಿಕೋಡಿಗೆ ಹಾಕಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಹತ್ತು ಜನ ಓದಿದರೆ ಹಬ್ಬ. ಆದರೂ ಬರಹದ ಮೇಲೆ ನಮ್ಮ ಹೆಸರು ಇರುತ್ತಿತ್ತು. ತಪ್ಪಿದ್ದರೆ ಯಾರೋ ಬಂದು ಹೇಳುತ್ತಿದ್ದರು, ನಾವು ತಿದ್ದುತ್ತಿದ್ದೆವು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಅದೇ ತಿಂಗಳು ಕಾವೇರಿ ಗಲಾಟೆ. ವಿಡಿಯೋ ಯಾವ ಊರಿನದು, ಯಾವ ವರ್ಷದ್ದು ಎಂದು ನೋಡುವಷ್ಟರಲ್ಲಿ ಅದು ಹತ್ತು ಗುಂಪು ದಾಟಿರುತ್ತಿತ್ತು. 2018ರಲ್ಲಿ ಮಕ್ಕಳ ಕಳ್ಳರ ವದಂತಿಗೆ ಬೀದರ್ ಜಿಲ್ಲೆಯಲ್ಲಿ ಒಬ್ಬ ಅಮಾಯಕನ ಜೀವವೇ ಹೋಯಿತು. ಅದೇ ಜುಲೈನಲ್ಲಿ ವಾಟ್ಸಾಪ್, ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಎಂದು ನಮ್ಮ ದೇಶದಲ್ಲಿ ಮಿತಿ ಹಾಕಿತು.

ಇಲ್ಲಿನ ಒಂದು ಘಟನೆ ಹೇಳುತ್ತೇವೆ. ಮಳವಳ್ಳಿ ಕಡೆ, ನಾಲೆಯ ಕೊನೆಭಾಗದ ಒಬ್ಬ ರೈತರು ‘ನಾಳೆಯಿಂದ ನಾಲೆಗೆ ನೀರು’ ಎಂಬ ಮೆಸೇಜ್ ನಂಬಿ ಭತ್ತದ ಒಟ್ಲು ಬಿಟ್ಟರು. ನೀರು ಬರಲಿಲ್ಲ. ಒಟ್ಲು ಒಣಗಿತು, ಬಿತ್ತನೆ ಬೀಜದ ದುಡ್ಡು ಹೋಯಿತು. ಮೆಸೇಜ್ ಕಳಿಸಿದವರು ಯಾರು ಎಂದು ನಾವು ಒಬ್ಬೊಬ್ಬರನ್ನೇ ಕೇಳುತ್ತಾ ಹಿಂದಕ್ಕೆ ಹೋದೆವು. ಎಲ್ಲರದೂ ಒಂದೇ ಉತ್ತರ: ‘ನಂಗೂ ಬಂದಿತ್ತು ಕಣಣ್ಣ, ಕಳಿಸ್ದೆ.’

ಹಾಗಂತ ಮೊಬೈಲನ್ನು ಬೈಯಲು ನಮಗೆ ಮನಸ್ಸಿಲ್ಲ. ಮೊದಲೆಲ್ಲ ಕೊನೆಭಾಗದ ಒಣ ನಾಲೆ ಸುದ್ದಿಯಾಗಬೇಕಾದರೆ ನಾವು ಬಸ್ಸಲ್ಲಿ ಹೋಗಿ ಬರಬೇಕಿತ್ತು. ಬರೆದರೂ ಪತ್ರಿಕೆಯಲ್ಲಿ ಜಾಗ ಸಿಕ್ಕರೆ ಉಂಟು. ಈಗ ರೈತರೇ ನಾಲೆಯ ಏರಿ ಮೇಲೆ ನಿಂತು, ತಮ್ಮ ಹೆಸರು, ಊರು, ತಾರೀಕು ಹೇಳಿ ವಿಡಿಯೋ ಮಾಡುತ್ತಾರೆ. ವೀರಣ್ಣಗೌಡರ ಕಾಲದಲ್ಲಿ ಪತ್ರಿಕೆ ಮಾಡಿದ ಕೆಲಸವೇ ಇದು. ಕೆಟ್ಟಿರುವುದು ಹೆಸರಿಲ್ಲದ ಸುದ್ದಿ ಮಾತ್ರ.

ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿತು, ನಾಲೆಗೆ ನೀರು ಬಿಟ್ಟರು ಎಂದು ನಾಳೆ ನಿಮ್ಮ ಫೋನಿಗೆ ಬಂದರೆ ಮೊದಲು ಕೆಳಗೆ ನೋಡಿ. ಹೇಳಿದವರ ಹೆಸರು, ತಾರೀಕು ಇದೆಯಾ? ಇಲ್ಲದಿದ್ದರೆ ಊರಿನ ನೀರಗಂಟಿಯನ್ನೋ ನೀರಾವರಿ ಕಚೇರಿಯನ್ನೋ ಒಂದು ಮಾತು ಕೇಳಿ. ನಮ್ಮನ್ನೂ ಕೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳುತ್ತೇವೆ. ಒಟ್ಲು ಬಿಡೋದು ಆಮೇಲೆ.