ಪದಸಂಪತ್ತಿಗೆ ಅರ್ಥವೊಂದೇ ಸಾಲದು, ಪ್ರಯೋಗವೂ ಬೇಕು

ಪದದ ಅರ್ಥವನ್ನು ಅರಿಯುವುದು ಬೇರೆ, ಅದನ್ನು ಬಳಸಬಲ್ಲವರಾಗುವುದು ಬೇರೆ. ಅರ್ಥವನ್ನು ನಿಘಂಟಿನ ಒಂದು ಸಾಲು ತಿಳಿಸಬಲ್ಲದು. ಬಳಕೆಯನ್ನು ಕಲಿಸುವುದು ಮಾತ್ರ ಕವಿ, ಶಾಸನಕಾರ, ವಚನಕಾರರು ಆ ಪದವನ್ನು ಇರಿಸಿದ ವಾಕ್ಯ. ಈ ಕಾರಣದಿಂದಲೇ ಕನ್ನಡದ ಶ್ರೇಷ್ಠ ನಿಘಂಟುಗಳು ಅರ್ಥದೊಡನೆ ಸಾಹಿತ್ಯದ ಉಲ್ಲೇಖಗಳನ್ನೂ ನೀಡಿವೆ.

‘ಬೇಟ’ ಎಂಬ ಪದವನ್ನು ನೋಡಬಹುದು. ಇಂದಿನ ಓದುಗರಿಗೆ ಮೊದಲು ನೆನಪಾಗುವುದು ‘ಬೇಟೆ’. ಆದರೆ ಹಳಗನ್ನಡದಲ್ಲಿ ಬೇಟವೆಂದರೆ ಪ್ರಣಯ, ಅನುರಾಗ. ಮೃಗಯೆಗೆ ಇದ್ದ ರೂಪ ‘ಬೇಂಟೆ’. ಈ ಭೇದವನ್ನು ಅರಿಯದವರು ಶೃಂಗಾರದ ಸನ್ನಿವೇಶದಲ್ಲಿ ಬಿಲ್ಲುಬಾಣಗಳನ್ನು ಹುಡುಕಬೇಕಾದೀತು. ‘ಆಳು’ ಎಂಬುದು ಇನ್ನೊಂದು ಬಗೆಯ ಪದ. ಕ್ರಿಯಾಪದವಾದರೆ ಅದು ಅರಸನ ಕೆಲಸ, ನಾಮಪದವಾದರೆ ಸೇವಕ. ಯಾವುದು ಎಂಬುದನ್ನು ನಿರ್ಣಯಿಸುವುದು ವಾಕ್ಯವೇ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆಯನ್ನು ಬಲ್ಲವರಿಗೆ ನಾಮಪದದ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಕೇಶಿರಾಜನಿಂದ ಕಿಟ್ಟೆಲ್‌ವರೆಗೆ

ಪ್ರಯೋಗದ ಮೂಲಕ ಭಾಷೆಯನ್ನು ಕಲಿಸುವ ಕ್ರಮ ಕನ್ನಡಕ್ಕೆ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಹೇಳಿ, ವೃತ್ತಿಯಲ್ಲಿ ವಿವರಿಸಿ, ಬಳಿಕ ಪ್ರಯೋಗಗಳನ್ನು ಕೊಡುತ್ತಾನೆ. ತನಗೆ ಮಾರ್ಗದರ್ಶಕರಾದ ಪೂರ್ವಕವಿಗಳನ್ನು ಹೆಸರಿಸಿಯೂ ಸ್ಮರಿಸುತ್ತಾನೆ. ಆ ಪಟ್ಟಿಯಲ್ಲಿರುವ ಅಸಗನ ಕನ್ನಡ ಕೃತಿಗಳು ಇಂದು ದೊರೆಯುವುದಿಲ್ಲ. ಗ್ರಂಥಗಳು ಅಳಿದರೂ ಭಾಷೆಯ ನೆನಪನ್ನು ಕಾಯುವ ಕೆಲಸ ಇಂತಹ ಉಲ್ಲೇಖಗಳಿಂದ ನಡೆದಿದೆ.

1853ರಲ್ಲಿ ಭಾರತಕ್ಕೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಈ ಪರಂಪರೆಯನ್ನು ಚೆನ್ನಾಗಿ ಅರಿತಿದ್ದರು. 1872ರಲ್ಲಿ ಅವರು ‘ಶಬ್ದಮಣಿದರ್ಪಣ’ವನ್ನೇ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳನ್ನು ಒಳಗೊಂಡಿದೆ. ಅದರಲ್ಲಿ ಕಾವ್ಯದ ಉಲ್ಲೇಖಗಳ ಪಕ್ಕದಲ್ಲಿ ಜನರಾಡುವ ಗಾದೆಗಳಿಗೂ ಸ್ಥಾನವಿದೆ. ಪಂಡಿತರ ಬರಹದಷ್ಟೇ ಜನಸಾಮಾನ್ಯರ ನುಡಿಯೂ ಪದದ ಅರ್ಥಕ್ಕೆ ಸಾಕ್ಷಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪರಿಷತ್ತಿನ ಬೃಹತ್ ನಿಘಂಟು

ಕನ್ನಡದ ಅರ್ಥವನ್ನು ಕನ್ನಡದಲ್ಲೇ ವಿವರಿಸುವ ದೊಡ್ಡ ಪ್ರಯತ್ನ ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’. 1940ರ ದಶಕದಲ್ಲಿ ಆರಂಭವಾದ ಈ ಕಾರ್ಯದ ಮೊದಲ ಸಂಪುಟ 1970ರಲ್ಲಿಯೂ ಎಂಟನೆಯ ಹಾಗೂ ಕೊನೆಯ ಸಂಪುಟ 1995ರಲ್ಲಿಯೂ ಪ್ರಕಟವಾದವು. ಪ್ರಧಾನ ಸಂಪಾದಕರಾಗಿ ದುಡಿದವರಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯ (1913–2021) ಪ್ರಮುಖರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳನ್ನು ಪರಿಹರಿಸಿ, ಅವರು ನಿಘಂಟಿನ ವಿದ್ಯೆಯನ್ನು ಮನೆಮನೆಗೂ ತಲುಪಿಸಿದರು.

ಈ ನಿಘಂಟು ಚಾರಿತ್ರಿಕ ಕ್ರಮದ್ದು. ಶಾಸನಗಳಿಂದ ಹಿಡಿದು ಆಧುನಿಕ ಕೃತಿಗಳವರೆಗೆ ಪದವು ನಡೆದುಬಂದ ದಾರಿಯನ್ನು ಅದರ ಉಲ್ಲೇಖಗಳು ತೋರಿಸುತ್ತವೆ.

ಉಲ್ಲೇಖವಿಲ್ಲದೆ ಅರ್ಥವಾಗದ ಪದಗಳು

‘ಜೋಳವಾಳಿ’ ಅಥವಾ ‘ಜೋಳದ ಪಾಳಿ’ ಎಂಬುದನ್ನು ಬಿಡಿಸಿ ನೋಡಿದರೆ ಜೋಳಕ್ಕೆ ಸಂಬಂಧಿಸಿದ ಯಾವುದೋ ಸರದಿ ಎಂದು ತೋರುತ್ತದೆ. ಅದರ ನಿಜವಾದ ಅರ್ಥ ಅನ್ನವಿಟ್ಟ ಒಡೆಯನ ಋಣ. ಆ ಋಣವನ್ನು ಪ್ರಾಣವನ್ನಾದರೂ ಕೊಟ್ಟು ತೀರಿಸುವ ಕರ್ತವ್ಯ. ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣನ ಸ್ವಾಮಿನಿಷ್ಠೆಯನ್ನು ಕಂಡವರಿಗೆ, ವೀರಗಲ್ಲುಗಳ ಬರಹವನ್ನು ಓದಿದವರಿಗೆ ಈ ಪದದ ತೂಕ ತಿಳಿಯುತ್ತದೆ.

‘ಕಾಯಕ’ವೂ ಹಾಗೆಯೇ. ಸಂಸ್ಕೃತದ ಮೂಲದಲ್ಲಿ ಅದು ಕಾಯಕ್ಕೆ, ಅಂದರೆ ದೇಹಕ್ಕೆ ಸಂಬಂಧಿಸಿದ್ದು. 12ನೆಯ ಶತಮಾನದ ಶರಣರು ಅದಕ್ಕೆ ಪೂಜೆಗೆ ಸಮನಾದ ದುಡಿಮೆ ಎಂಬ ಅರ್ಥವನ್ನು ತುಂಬಿದರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ಎಚ್ಚರಿಸಿದ ಪ್ರಸಂಗವನ್ನು ಓದಿದ ಮೇಲೆ ಕಾಯಕವೆಂದರೆ ಕೇವಲ ‘ಕೆಲಸ’ ಎನ್ನಲಾಗದು. ದುರಾಸೆಗೆ ಅಲ್ಲಿ ಎಡೆಯಿಲ್ಲ ಎಂಬುದೂ ಅರ್ಥದ ಭಾಗವೇ ಆಗುತ್ತದೆ.

ಅಭ್ಯಾಸದ ಕ್ರಮ

ಪದಸಂಪತ್ತನ್ನು ಹೆಚ್ಚಿಸಿಕೊಳ್ಳಬಯಸುವವರಿಗೆ ಇದರಿಂದ ಸರಳವಾದ ಕ್ರಮವೊಂದು ದೊರೆಯುತ್ತದೆ. ಓದುವಾಗ ಹೊಸ ಪದ ಎದುರಾದರೆ ಮೊದಲು ಸಂದರ್ಭದಿಂದ ಅರ್ಥವನ್ನು ಊಹಿಸಬೇಕು, ಅನಂತರ ನಿಘಂಟನ್ನು ತೆರೆಯಬೇಕು. ಟಿಪ್ಪಣಿ ಪುಸ್ತಕದಲ್ಲಿ ಪದ, ಅರ್ಥ, ಅದು ದೊರೆತ ವಾಕ್ಯ, ಕೃತಿಯ ಹೆಸರು – ಈ ನಾಲ್ಕನ್ನೂ ಬರೆದಿಡಬೇಕು. ಪದಕ್ಕೆ ಹಲವು ಅರ್ಥಗಳಿದ್ದರೆ ಆ ವಾಕ್ಯಕ್ಕೆ ಹೊಂದುವುದನ್ನು ಮಾತ್ರ ಆರಿಸಿಕೊಳ್ಳಬೇಕು. ಕೆಲವು ದಿನಗಳ ಬಳಿಕ ಪುಸ್ತಕವನ್ನು ನೋಡದೆ ಸ್ವಂತ ವಾಕ್ಯವೊಂದನ್ನು ರಚಿಸಿ ಮೂಲದೊಡನೆ ಹೋಲಿಸಬೇಕು. ದಿನಕ್ಕೆ ಹತ್ತು ಪದಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹೀಗೆ ಒಂದೆರಡನ್ನು ಕಲಿಯುವುದು ಲೇಸು.

ಮನೆಯ ಹಿರಿಯರ ಮಾತಿನಲ್ಲಿಯೂ, ಹೊಲಗದ್ದೆಗಳಲ್ಲಿಯೂ ಕೇಳಿಬರುವ ಪದಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅವುಗಳಲ್ಲಿ ಹಲವು ಯಾವ ಗ್ರಂಥಕ್ಕೂ ಸೇರಿಲ್ಲ. ಆಡುವವರು ಇಲ್ಲವಾದರೆ ಅವುಗಳ ಪ್ರಯೋಗವನ್ನು ಕೇಳಿ ತಿಳಿಯುವ ದಾರಿಯೂ ಮುಚ್ಚುತ್ತದೆ. ಆದ್ದರಿಂದ ಪದವನ್ನು ಮಾತ್ರವಲ್ಲದೆ ಅದನ್ನು ಹೊತ್ತು ಬಂದ ಮಾತನ್ನೂ ಬರೆದಿಡುವುದು ಸ್ವಂತ ಕಲಿಕೆಯ ಜೊತೆಗೆ ಭಾಷೆಗೆ ಸಲ್ಲಿಸುವ ಸೇವೆಯೂ ಹೌದು.