ಅಣಲೆಕಾಯಿ ಹಿಡಿದ ಬುದ್ಧ

ಮುಂಡಗೋಡದವರಾದ ನಾವು ಇವತ್ತಿಗೂ ಇಲ್ಲಿನ ಟಿಬೆಟಿಯನ್ ವಸತಿಯನ್ನು ‘ಕ್ಯಾಂಪ್’ ಅಂತಲೇ ಕರೆಯುವುದು. 1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಟಿಬೆಟಿಯನ್ನರು ಇಲ್ಲಿ ನೆಲೆ ನಿಂತು ಗೋವಿನಜೋಳ ಬಿತ್ತಿದರು. ಬಂಗಾಳದ ಬಕ್ಸಾದಲ್ಲಿದ್ದ ಭಿಕ್ಷುಗಳು ಆಮೇಲೆ ಬಂದು ಗಾಂದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು.

ಸಕ್ಕರೆ ಕಾಯಿಲೆ ಅಂಟಿಕೊಂಡ ವರ್ಷ ನನ್ನ ಬೆಳಗಿನ ವಾಕಿಂಗ್ ಆ ಕಡೆ. ಅಲ್ಲೊಬ್ಬ ಅಜ್ಜಿ ಹಲಗೆಯ ಮೇಲೆ ದೀರ್ಘದಂಡ ಹಾಕುತ್ತಿದ್ದರು. ಜೋಡಿಸಿದ ಕೈ ನೆತ್ತಿಗೆ, ಗಂಟಲಿಗೆ, ಎದೆಗೆ. ಆಮೇಲೆ ಅಂಗೈ ಸರ್ರನೆ ಜಾರಿ ಮೈ ಉದ್ದಕ್ಕೆ. ಪಕ್ಕದಲ್ಲಿ 108 ಮಣಿಯ ಜಪಮಾಲೆ.

“ಏನ್ ನೆನಸ್ತೀರಿ ಅಜ್ಜಿ?”

“ಮೆನ್ಲಾ.”

ಅಂದರೆ ವೈದ್ಯಬುದ್ಧ. ನೀಲಿ ಮೈಯ ಆತ ನೆತ್ತಿಯ ಮೇಲೆ ಕೂತಿದ್ದಾನೆಂದು ಕಣ್ಣೊಳಗೆ ಕಟ್ಟಿಕೊಳ್ಳಬೇಕು. ಅವನಿಂದಿಳಿದ ಬೆಳಕು ಮೈಯ ರೋಗವನ್ನು ಕಪ್ಪು ಹೊಗೆಯಂತೆ ಹೊರಗಟ್ಟುತ್ತದಂತೆ.

ಗುಡಿಯ ಚಿತ್ರಪಟದಲ್ಲಿ ಅವನ ಬಲಗೈ ನೋಡಿ ನಕ್ಕುಬಿಟ್ಟೆ. ಅಣಲೆಕಾಯಿ! ಟಿಬೆಟಿಯನ್ ವೈದ್ಯದಲ್ಲಿ ಅದೇ ಔಷಧಿಗಳ ರಾಜ. ಜೋಯಿಡಾ ಕಾಡಲ್ಲಿ ಉದುರುವ, ಅವ್ವ ಕೆಮ್ಮಿಗೆ ತೇದು ನೆಕ್ಕಿಸುತ್ತಿದ್ದ ಅದೇ ಒಗರು ಕಾಯಿ.

ಬೆಳಕಿನಿಂದ ಸಕ್ಕರೆ ಇಳಿಯುತ್ತದೆಂದು ನಾನೇನೂ ನಂಬಿಲ್ಲ, ಗುಳಿಗೆ ಬಿಟ್ಟಿಲ್ಲ. ಆದರೆ ಐದೂವರೆಗೆ ಏಳುವ ರೂಢಿ ಬಿದ್ದದ್ದು ಆ ಹಲಗೆಯ ಸದ್ದಿನಿಂದ. ಜಡಿಮಳೆ ಹಿಡಿದ ದಿನ ಹೋದರೆ, ಅಜ್ಜಿ ಹಲಗೆಯನ್ನು ಜಗಲಿಗೆ ಎಳೆದುಕೊಂಡಿದ್ದರು.